ಕರಾವಳಿಯಲ್ಲಿ ಸ್ವೀಟ್ ಕಾರ್ನ್: ಮೊದಲು ತಾರೀಕು ಆರಿಸಿ, ಆಮೇಲೆ ಬೀಜ

ನಾನು ಮೊದಲ ಸಲ ಸ್ವೀಟ್ ಕಾರ್ನ್ ಬೆಳೆದದ್ದು ಯಾರ್ಕ್‌ಷೈರ್ ಪದ್ಧತಿಯಲ್ಲಿ. ನಗಬೇಡಿ. ಇಂಗ್ಲೆಂಡಿನಲ್ಲಿರುವ ಅಣ್ಣನ ಮಗಳು ತನ್ನ ಹಿತ್ತಿಲಿನ ಜೋಳದ ಫೋಟೊ ಕಳಿಸುತ್ತಿದ್ದಳು. ಜೊತೆಗೆ ಉದ್ದುದ್ದ ವಿವರ. ಏಪ್ರಿಲ್ ತಿಂಗಳಲ್ಲಿ ಮನೆಯೊಳಗೆ ಕಿಟಕಿ ಹತ್ತಿರ ಸಸಿ ಎಬ್ಬಿಸಬೇಕು. ನೆಡುವ ಜಾಗಕ್ಕೆ ಕಪ್ಪು ಪ್ಲಾಸ್ಟಿಕ್ ಹೊದಿಸಿ ಮಣ್ಣು ಬಿಸಿ ಮಾಡಬೇಕು. ಬಿಸಿಲು ಚೆನ್ನಾಗಿ ಬೀಳುವ ಗೋಡೆಯ ಪಕ್ಕ ನೆಡಬೇಕು. ಕಟಪಾಡಿ ಹತ್ತಿರದ ನಮ್ಮ ಹಿತ್ತಿಲಲ್ಲಿ ನಾನೂ ಹಾಗೇ ಮಾಡಿದೆ, ಅದೂ ಮಾರ್ಚ್ ತಿಂಗಳಲ್ಲಿ! ಪ್ಲಾಸ್ಟಿಕ್ಕಿನ ಅಡಿ ಕೈ ಇಡಲಾಗದಷ್ಟು ಕಾವು. ಅರ್ಧ ಸಸಿಗಳು ಬೆಂದೇ ಹೋದವು. ಉಳಿದವನ್ನು ಗೋಡೆ ಪಕ್ಕ ಒಂದೇ ಸಾಲಲ್ಲಿ ನೆಟ್ಟೆ. ಬಂದ ತೆನೆಗಳನ್ನು ಸುಲಿದು ನೋಡಿದರೆ ಹಲ್ಲುದುರಿದ ಅಜ್ಜನ ಬಾಯಿ.

ಅವಳು ಹೇಳಿದ್ದು ಅವಳ ಊರಿಗೆ ಸರಿಯಾಗಿಯೇ ಇತ್ತು. ಅಲ್ಲಿ ಮೇ ತಿಂಗಳಲ್ಲೂ ಒಂದೊಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದೆ. ಜೋಳದ ಗಿಡಕ್ಕೆ ಅದು ತಾಗಿದರೆ ಕಥೆ ಮುಗಿಯಿತು. ಮಣ್ಣು 10 ಡಿಗ್ರಿಗಿಂತ ತಣ್ಣಗಿದ್ದರೆ ಬೀಜ ಮೊಳೆಯುವುದಿಲ್ಲ, ಅಲ್ಲೇ ಕೊಳೆಯುತ್ತದೆ. ಅಕ್ಟೋಬರ್ ಬಂತೆಂದರೆ ಮತ್ತೆ ಚಳಿ. ಹಾಗಾಗಿ ಅವರು ಎರಡು ಚಳಿಗಳ ನಡುವಿನ ನಾಲ್ಕೂವರೆ ತಿಂಗಳಲ್ಲಿ ಎಲ್ಲ ಮುಗಿಸಬೇಕು. ದಿನ ಎಣಿಸಿಯೇ ಬೀಜ ಕೊಳ್ಳುತ್ತಾರೆ.

ನಮ್ಮಲ್ಲಿ ಚಳಿ ಎಲ್ಲಿದೆ? ಜನವರಿ ರಾತ್ರಿ 20 ಡಿಗ್ರಿಗೆ ಇಳಿದರೆ ಸಾಕು, ಮಫ್ಲರ್ ಹೊರಗೆ ಬರುತ್ತದೆ. ಆದರೆ ಬೆಳೆ ಮುಗಿಸಲು ನಮಗೂ ಕಾಲದ ಒಂದು ಕಿಟಕಿ ಉಂಟು. ಅದನ್ನು ಒಂದು ಕಡೆಯಿಂದ ಮಳೆ ಮುಚ್ಚುತ್ತದೆ, ಇನ್ನೊಂದು ಕಡೆಯಿಂದ ಸೆಕೆ ಮತ್ತು ಬತ್ತುವ ಬಾವಿ. ಈ ದಿನ ಎಣಿಸುವ ಲೆಕ್ಕವನ್ನು ಮಾತ್ರ ಅವಳಿಂದ ಕಲಿತೆ. ಉಳಿದ ಬಿಸಿ ಮಾಡುವ ಉಪಾಯಗಳೆಲ್ಲ ಅವಳಿಗೇ ಇರಲಿ.

ಯಾವಾಗ ಹಾಕುವುದು

ಉಡುಪಿ-ಮಂಗಳೂರು ಕಡೆ ನಾಲ್ಕು ಕಾಲದಲ್ಲಿ ಹಾಕಿ ನೋಡಬಹುದು. ನಾಲ್ಕನ್ನೂ ನಾನು ಹಾಕಿ ನೋಡಿದ್ದೇನೆ. ಎರಡನ್ನು ಇನ್ನು ಹಾಕುವುದಿಲ್ಲ.

ಮೊದಲನೆಯದು ಮೇ ಮಧ್ಯ, ಮೊದಲ ಗುಡುಗು ಮಳೆ ಬಿದ್ದ ಕೂಡಲೇ. ಬೀಜ ನಾಲ್ಕೈದು ದಿನಕ್ಕೆ ಮೇಲೆ ಬರುತ್ತದೆ. ನೋಡಲು ಬಹಳ ಚಂದ. ಜೂನ್ ಮೊದಲ ವಾರ ಮಳೆಗಾಲ ಹಿಡಿಯುತ್ತದೆ. ನಮ್ಮಲ್ಲಿ ಜುಲೈ ಒಂದರಲ್ಲೇ ಸಾವಿರ ಮಿಲಿಮೀಟರ್ ಸುರಿಯುವುದು ಮಾಮೂಲು. ಬುಡದಲ್ಲಿ ಎರಡು ದಿನ ನೀರು ನಿಂತರೂ ಜೋಳದ ಬೇರು ಉಸಿರು ಕಟ್ಟುತ್ತದೆ. ಹಾಕಿದ ಗೊಬ್ಬರದ ಸಾರಜನಕ ಮಳೆ ನೀರಿನೊಟ್ಟಿಗೆ ತೋಡಿಗೆ ಹೋಗುತ್ತದೆ, ಕೆಳಗಿನ ಎಲೆಗಳು ಹಳದಿಯಾಗುತ್ತವೆ. ಇದೆಲ್ಲ ದಾಟಿದರೂ ಸೂಲಂಗಿ, ಅಂದರೆ ತುದಿಯ ಗಂಡು ಹೂವು, ಅರಳುವುದು ಜುಲೈ ಜಡಿಮಳೆಯಲ್ಲಿ. ಪರಾಗ ಗಾಳಿಯಲ್ಲಿ ಹಾರಿ ಕೆಳಗಿನ ತೆನೆಯ ರೇಷ್ಮೆ ಎಳೆಗೆ ಬೀಳಬೇಕು. ಒಂದು ಎಳೆಗೆ ಒಂದು ಕಾಳು. ಒದ್ದೆ ಪರಾಗ ಹಾರುವುದೇ ಇಲ್ಲ. ನನ್ನ ಗಿಡಗಳು ಏಳು ಅಡಿ ಬೆಳೆದವು, ತೆನೆಯಲ್ಲಿ ಕಾಳು ಎಣಿಸಿದರೆ ಇಪ್ಪತ್ತು. ದನ ಇದ್ದರೆ ಮೇವಿಗೆ ಅಂತ ಹಾಕಿ. ಇಲ್ಲದಿದ್ದರೆ ಸುಮ್ನೆ ಕಷ್ಟ.

ಎರಡನೆಯದು ಆಗಸ್ಟ್ ಕೊನೆ. 45-50 ದಿನಕ್ಕೆ ಸೂಲಂಗಿ ಬರುವ ಲೆಕ್ಕ ಹಿಡಿದರೆ ಅಕ್ಟೋಬರ್ ಮಧ್ಯ. ಆಗ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತದೆ, ಪರಾಗ ಉದುರುವುದು ಬೆಳಿಗ್ಗೆ. ಹಾಗಾಗಿ ಕಾಳು ಕಟ್ಟುತ್ತದೆ. ಆದರೆ ಒಂದು ಸಂಜೆಯ ಗಾಳಿ ಸಾಕು, ಸಾಲಿಗೆ ಸಾಲೇ ಮಲಗಲು. ನೀರು ನಿಲ್ಲದ ಬೆಟ್ಟು (ಎತ್ತರದ) ಜಾಗ ಇದ್ದು, ಏರು ಮಡಿ ಮಾಡಿ, ಎರಡು ಸಲ ಬುಡಕ್ಕೆ ಮಣ್ಣು ಏರಿಸುವ ತಾಳ್ಮೆ ಇದ್ದರೆ ಮಾತ್ರ ಇದು.

ಮೂರನೆಯದು ನವೆಂಬರ್ 15ರಿಂದ ಡಿಸೆಂಬರ್ 10ರೊಳಗೆ. ನನ್ನ ಆಯ್ಕೆ ಇದೇ. ಏಣೆಲು, ಅಂದರೆ ಮಳೆಗಾಲದ ಭತ್ತದ, ಕೊಯ್ಲು ಮುಗಿದು ಮಜಲು (ನಡುಮಟ್ಟದ) ಗದ್ದೆ ಖಾಲಿಯಾಗಿರುತ್ತದೆ, ಮಣ್ಣಲ್ಲಿ ಇನ್ನೂ ಪಸೆ ಇರುತ್ತದೆ. ಬೆಳಿಗ್ಗೆ ಒಣ ಹವೆ, ಪರಾಗಕ್ಕೆ ಹೇಳಿ ಮಾಡಿಸಿದ ಹಾಗೆ. ಇನ್ನೊಂದು ಲಾಭ ರಾತ್ರಿಯದ್ದು. ಗಿಡ ಹಗಲು ಮಾಡಿದ ಸಕ್ಕರೆಯಲ್ಲಿ ಒಂದಷ್ಟನ್ನು ರಾತ್ರಿ ಉಸಿರಾಟಕ್ಕೆ ಖರ್ಚು ಮಾಡುತ್ತದೆ. ಸೆಕೆಯ ರಾತ್ರಿಯಲ್ಲಿ ಖರ್ಚು ಜಾಸ್ತಿ, ತಂಪು ರಾತ್ರಿಯಲ್ಲಿ ಕಡಿಮೆ. ಚಳಿ ದೇಶದವರ ಜೋಳ ಸಿಹಿಯಾಗಲು ಇದೂ ಒಂದು ಕಾರಣ. ನಮಗೆ ಸಿಗುವ ತಂಪು ಡಿಸೆಂಬರ್-ಜನವರಿಯದ್ದು ಮಾತ್ರ, ಅದನ್ನು ತೆನೆಗೆ ಕೊಡಿ. ಜನವರಿ ಕೊನೆಯಿಂದ ಫೆಬ್ರುವರಿವರೆಗೆ ಕೊಯ್ಯಬಹುದು.

ಬೈಲು, ಅಂದರೆ ತಗ್ಗಿನ, ಗದ್ದೆಯವರು ಮಾತ್ರ ಅವಸರ ಮಾಡಬೇಡಿ. ನವೆಂಬರಿನಲ್ಲಿ ಅಲ್ಲಿ ಕಾಲಿಟ್ಟರೆ ಇನ್ನೂ ಹೂತು ಹೋಗುತ್ತದೆ. ಇನ್ನೊಂದು ಮಾತು, ಇದೇ ಜಾಗದಲ್ಲಿ ನಮ್ಮವರು ಉದ್ದು, ಅಲಸಂಡೆ ಹಾಕುತ್ತಾರೆ. ಉದ್ದು ಮಣ್ಣಿನ ಪಸೆಯಲ್ಲೇ ಬದುಕಿಕೊಳ್ಳುತ್ತದೆ. ಜೋಳಕ್ಕೆ ವಾರಕ್ಕೊಮ್ಮೆಯಾದರೂ ನೀರು ಬೇಕು, ತೆನೆ ಬರುವಾಗ ಎರಡು ಸಲ. ಪಂಪು ಇಲ್ಲ ಅಂತಾದರೆ ಉದ್ದೇ ಹಾಕಿ ಮಾರಾಯ್ರೆ.

ನಾಲ್ಕನೆಯದು ಫೆಬ್ರುವರಿ, ಕೊಳಕೆ, ಅಂದರೆ ಬೇಸಿಗೆ ಭತ್ತದ, ಬೆಳೆಯ ಹೊತ್ತು. ಏಪ್ರಿಲಿಗೆ ಕೊಯ್ಲು, ಮಕ್ಕಳಿಗೆ ರಜೆ, ಎಲ್ಲ ಸರಿ. ಆದರೆ ಬಾವಿ ನೀರು ಆಗಲೇ ಕೆಳಗೆ. ಹೊಳೆ ಬಾಯಿಗೆ ಹತ್ತಿರದ ಊರುಗಳಲ್ಲಿ ಬೇಸಿಗೆಯಲ್ಲಿ ನೀರು ಉಪ್ಪಾಗುತ್ತದೆ, ಜೋಳಕ್ಕೆ ಉಪ್ಪು ಆಗುವುದಿಲ್ಲ. 35 ಡಿಗ್ರಿ ದಾಟಿದ ದಿನಗಳಲ್ಲಿ ಪರಾಗದ ಕಸುವೂ ಕಡಿಮೆ. ನೀರಿನ ಧೈರ್ಯ ಇರುವವರು ಹಾಕಬಹುದು. ಬುಡಕ್ಕೆ ಬೈಹುಲ್ಲೋ ತರಗೆಲೆಯೋ ದಪ್ಪ ಹೊದಿಸಿ. ಅವಳು ಮಣ್ಣು ಬಿಸಿಯಾಗಲಿ ಅಂತ ಹೊದಿಸಿದರೆ ನಾವು ತಂಪಾಗಲಿ ಅಂತ ಹೊದಿಸುವುದು.

ತಾರೀಕು ತಪ್ಪಿ ಹೋಯಿತು, ಆದರೂ ಹಾಕಲೇಬೇಕು ಅಂತಿದ್ದರೆ ಒಂದು ಉಪಾಯ ಉಂಟು. ಬೇಬಿ ಕಾರ್ನ್. ಅದಕ್ಕೆ ಪರಾಗಸ್ಪರ್ಶವೇ ಬೇಡ. ರೇಷ್ಮೆ ಎಳೆ ಹೊರಗೆ ಬಂದು ಒಂದೆರಡು ದಿನದಲ್ಲಿ ಕೊಯ್ಯುವುದು. ಸೂಲಂಗಿಯನ್ನು ಕಿತ್ತೇ ಹಾಕುತ್ತಾರೆ. 50-55 ದಿನಕ್ಕೆ ಕೆಲಸ ಮುಗಿಯಿತು. ಹಸಿರು ಗಿಡ ಹಾಗೇ ದನಕ್ಕೆ. ಆಗಸ್ಟ್ ಬೆಳೆಯ ಅರ್ಧವನ್ನು ನಾನು ಹೀಗೆ ಉಳಿಸಿಕೊಂಡಿದ್ದೆ.

ಘಟ್ಟದ ಮೇಲೆ ಜಾಗ ಇದ್ದವರಿಗೆ

ಕರಾವಳಿಯ ಎಷ್ಟೋ ಮನೆಯವರಿಗೆ ಕೊಪ್ಪ, ಮೂಡಿಗೆರೆ, ಮಡಿಕೇರಿ ಕಡೆ ತೋಟವೋ ನೆಂಟರೋ ಇರುತ್ತಾರೆ. ಅಲ್ಲಿ ಈ ನವೆಂಬರ್ ಲೆಕ್ಕ ಹಿಡಿಯಬೇಡಿ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರ. ಜನವರಿ ರಾತ್ರಿಗಳಲ್ಲಿ ಗಿಡ ಬೆಳೆಯುವುದನ್ನೇ ಮರೆತು ನಿಲ್ಲುತ್ತದೆ. ಇಲ್ಲಿ ಐದು ದಿನಕ್ಕೆ ಮೊಳೆತ ಬೀಜ ತಣ್ಣನೆ ಮಣ್ಣಲ್ಲಿ ಹತ್ತು-ಹದಿನೈದು ದಿನ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಇರುವೆ, ಇಲಿ, ಬೂಸ್ಟು ತಮ್ಮ ಪಾಲು ತಿಂದಿರುತ್ತವೆ. ಅಲ್ಲಿ ಜನವರಿ ಕೊನೆ ಅಥವಾ ಫೆಬ್ರುವರಿಯಲ್ಲಿ ಹಾಕಿ, ದೊಡ್ಡ ಮಳೆಗೆ ಮೊದಲೇ ಕೊಯ್ಯುವುದು ಒಳ್ಳೆಯದು. ಊಟಿಯ 2,240 ಮೀಟರ್‌ನಲ್ಲಿ ಡಿಸೆಂಬರ್-ಜನವರಿಯಲ್ಲಿ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುತ್ತದೆ. ಅಂಥ ಕಡೆ ಮಾರ್ಚ್‌ವರೆಗೆ ಕಾಯಬೇಕು. ಅಂಥಲ್ಲಿ ಯಾರ್ಕ್‌ಷೈರ್ ಪಾಠ ಪೂರ್ತಿ ಹೊಂದುತ್ತದೆ: ಬೇಗ ಬರುವ ತಳಿ, ಒಳಗೆ ಎಬ್ಬಿಸಿದ ಸಸಿ, ಗಾಳಿಗೆ ಮರೆ, ಬೇಕಾದರೆ ಕಪ್ಪು ಪ್ಲಾಸ್ಟಿಕ್ ಕೂಡ.

ಪೊಟ್ಟಣದ ಮೇಲೆ 75 ದಿನ ಅಂತ ಬರೆದದ್ದನ್ನು ನಂಬಿ ಕೂರಬೇಡಿ. ಜೋಳ ಎಣಿಸುವುದು ಕಾವನ್ನು, ಕ್ಯಾಲೆಂಡರನ್ನಲ್ಲ. ಅದೇ ಬೀಜ ಇಲ್ಲಿ 70-75 ದಿನಕ್ಕೆ ಬಂದರೆ ತಂಪು ಊರಲ್ಲಿ ನೂರು ದಾಟಬಹುದು.

ಯಾವ ಬೀಜ

ಅಂಗಡಿಯಲ್ಲಿ ಎಲ್ಲವನ್ನೂ ಸ್ವೀಟ್ ಕಾರ್ನ್ ಎಂದೇ ಮಾರುತ್ತಾರೆ. ಒಳಗೆ ಮೂರು ಜಾತಿ ಉಂಟು. ಹಳೆಯ ಸಾದಾ ಸಿಹಿ, ಎಸ್‌ಯು ಅಂತ ಕರೆಯುತ್ತಾರೆ. 1902ರಲ್ಲಿ ಅಮೆರಿಕದ ಬರ್ಪಿ ಕಂಪನಿ ಬಿಟ್ಟ ಗೋಲ್ಡನ್ ಬ್ಯಾಂಟಮ್ ಈ ಗುಂಪಿನದ್ದು. ಅದರ ಸುಧಾರಿಸಿದ ರೂಪ ಎಸ್‌ಇ, ಸಿಪ್ಪೆ ತೆಳು, ಸಿಹಿ ಸ್ವಲ್ಪ ಜಾಸ್ತಿ. ಮೂರನೆಯದು ಸೂಪರ್ ಸ್ವೀಟ್, ಎಸ್‌ಎಚ್-2. ಒಣಗಿದ ಬೀಜ ಮುದುಡಿ ಸುಕ್ಕಾಗಿರುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಲಾಫ್ನನ್ 1950ರ ದಶಕದಲ್ಲಿ ಈ ಸುಕ್ಕು ಕಾಳಿನ ಸಿಹಿಯನ್ನು ಗುರುತಿಸಿದರು. ಈಗ ನಮ್ಮ ಪೇಟೆಯಲ್ಲಿ ಕಪ್ಪಿನಲ್ಲಿ ಬೆಣ್ಣೆ ಹಾಕಿ ಕೊಡುವ ಜೋಳ ಹೆಚ್ಚಾಗಿ ಇದೇ.

ಯಾವುದು ಒಳ್ಳೆಯದು? ಅದನ್ನು ಊರು ಹೇಳುತ್ತದೆ. ಸೂಪರ್ ಸ್ವೀಟಿನ ಬೀಜದಲ್ಲಿ ಹಿಟ್ಟು ಕಡಿಮೆ, ಅಂದರೆ ಮೊಳಕೆಗೆ ಬುತ್ತಿ ಕಡಿಮೆ. ತಣ್ಣನೆ ಮಣ್ಣಲ್ಲಿ ಅದು ಏಳುವುದೇ ಕಷ್ಟ. ಚಳಿ ಊರಿನವರು ಹಳೆಯ ಜಾತಿಯನ್ನು ಇನ್ನೂ ಬಿಡದಿರುವುದು ಅದಕ್ಕೇ. ನಮ್ಮಲ್ಲಿ ಮಣ್ಣು ಯಾವತ್ತೂ ಬೆಚ್ಚಗೆ, ಆ ಭಯವೇ ಇಲ್ಲ. ಹಳೆಯ ಜಾತಿಯ ದೋಷ ಬೇರೆ. ಕೊಯ್ದ ಮೇಲೆ ಅದರ ಸಕ್ಕರೆ ಭರಭರನೆ ಹಿಟ್ಟಾಗುತ್ತದೆ. 30 ಡಿಗ್ರಿ ಕಾವಿನಲ್ಲಿ ಒಂದೇ ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಸಕ್ಕರೆ ಹೋಗುತ್ತದೆ. ಯಾರ್ಕ್‌ಷೈರಿನಲ್ಲಿ ಅದು ಅಷ್ಟು ದೊಡ್ಡ ದೋಷವಲ್ಲ, ಮಂಗಳೂರಿನಲ್ಲಿ ಬೆಳಿಗ್ಗೆ ಕೊಯ್ದದ್ದು ರಾತ್ರಿಗೆ ಸಪ್ಪೆ. ಸೂಪರ್ ಸ್ವೀಟ್ ಹಲವು ದಿನ ಸಿಹಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಇಲ್ಲಿಗೆ ಸೂಪರ್ ಸ್ವೀಟ್. ಕೊಯ್ದ ಅರ್ಧ ಗಂಟೆಗೆ ಬಾಯಿಗೆ ಹಾಕುವವರು, ಅತಿ ಸಿಹಿ ಬೇಡ ಅನ್ನುವವರು ಹಳೆಯದನ್ನೂ ಹಾಕಬಹುದು. ನನ್ನ ಅತ್ತಿಗೆಗೆ ಅದೇ ಇಷ್ಟ, ಜೋಳದ ರುಚಿ ಅದರಲ್ಲೇ ಇರುವುದಂತೆ.

ಹೈಬ್ರಿಡ್ ಬೇಕೋ, ಬೀಜ ಉಳಿಸಿಕೊಳ್ಳುವ ತಳಿ ಬೇಕೋ ಅನ್ನುವುದು ಇನ್ನೊಂದು ಪ್ರಶ್ನೆ. ಶುಗರ್ 75 ಮುಂತಾದ ಹೈಬ್ರಿಡ್‌ಗಳಲ್ಲಿ ತೆನೆಗಳೆಲ್ಲ ಒಂದೇ ಅಳತೆ, ಒಟ್ಟಿಗೆ ಕೊಯ್ಲಿಗೆ ಬರುತ್ತವೆ. ಮಾರುವವರಿಗೆ ಇದೇ ಸರಿ. ದೆಹಲಿಯ ಪೂಸಾ ಸಂಸ್ಥೆಯ ಪೂಸಾ ಸೂಪರ್ ಸ್ವೀಟ್ ಕಾರ್ನ್-1 ಕೂಡ ಹೈಬ್ರಿಡ್ಡೇ. ಅವುಗಳ ಕಾಳು ಒಣಗಿಸಿ ಮತ್ತೆ ಹಾಕಿದರೆ ಒಂದೊಂದು ಗಿಡ ಒಂದೊಂದು ಥರ. ಹೈದರಾಬಾದಿನ ಮಾಧುರಿ, ಪ್ರಿಯಾ ಕಾಂಪೋಸಿಟ್ ತಳಿಗಳು. ಅವುಗಳಿಂದ ಬೀಜ ಉಳಿಸಿಕೊಳ್ಳಬಹುದು. ತೆನೆ ಸ್ವಲ್ಪ ಹೆಚ್ಚು-ಕಡಿಮೆ ಬರುತ್ತದೆ, ಮನೆ ಖರ್ಚಿಗೆ ಧಾರಾಳ.

ಹಳೆ ಬೀಜದ ಬಗ್ಗೆ ಜಾಗ್ರತೆ. ಸೂಪರ್ ಸ್ವೀಟ್ ಬೀಜ ನಮ್ಮ ಹವೆಯಲ್ಲಿ ಬೇಗ ಸತ್ತು ಹೋಗುತ್ತದೆ. ಒಂದು ಅಂಗಡಿಯಿಂದ ತಂದ ಪೊಟ್ಟಣದಲ್ಲಿ ಮೂರರಲ್ಲಿ ಒಂದು ಮಾತ್ರ ಮೊಳೆಯಿತು. ತಾರೀಕು ನೋಡಿದರೆ ಹಿಂದಿನ ವರ್ಷದ್ದು. ಅಂದಿನಿಂದ ಇಪ್ಪತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊದಲು ನೋಡುತ್ತೇನೆ. ಹದಿನಾರು ಮೊಳೆತರೆ ಗದ್ದೆಗೆ. ಔಷಧಿ ಹಚ್ಚಿದ ಗುಲಾಬಿ ಬಣ್ಣದ ಬೀಜ ಮುಟ್ಟಿದ ಕೈ ತೊಳೆಯಿರಿ, ಉಳಿದದ್ದನ್ನು ಕೋಳಿಗೆ ಹಾಕಬೇಡಿ.

ಎರಡು ಜಾತಿ ಒಟ್ಟಿಗೆ ಹಾಕುವ ಆಸೆ ಬಿಡಿ. ಎಸ್‌ಯು ಸಿಹಿ, ಎಸ್‌ಎಚ್-2 ಕೂಡ ಸಿಹಿ, ಆದರೆ ಒಂದರ ಪರಾಗ ಇನ್ನೊಂದಕ್ಕೆ ಬಿದ್ದರೆ ಎರಡರಲ್ಲೂ ಹಿಟ್ಟು ಹಿಟ್ಟು ಕಾಳು, ಅದೂ ಅದೇ ವರ್ಷ. ಹಾಕಲೇಬೇಕಿದ್ದರೆ ಹೂ ಬಿಡುವ ಹೊತ್ತಿನಲ್ಲಿ ಎರಡು ವಾರ ಅಂತರ ಇರಲಿ. ಈ ವಿಷಯದಲ್ಲಿ ನಾವು ಪುಣ್ಯವಂತರು. ದಾವಣಗೆರೆ, ಹಾವೇರಿ ಕಡೆ ಸುತ್ತಲೂ ಗೋವಿನ ಜೋಳದ ಹೊಲ, ಅಲ್ಲಿಂದ ಪರಾಗ ಬಂದು ಸಿಹಿ ಕೆಡಿಸುತ್ತದೆ. ನಮ್ಮ ಪಕ್ಕದ ಗದ್ದೆಯಲ್ಲಿ ಇರುವುದು ಉದ್ದು, ಮಟ್ಟು ಗುಳ್ಳ ಬದನೆ, ಇಲ್ಲವೇ ಮಲ್ಲಿಗೆ.

ಗದ್ದೆ, ಹಿತ್ತಿಲು, ತಾರಸಿ

ಎಲ್ಲಿ ಹಾಕಿದರೂ ಚೌಕವಾಗಿ ಹಾಕಿ, ಕಡಿಮೆ ಅಂದರೆ ನಾಲ್ಕು ಸಾಲು. ಇಪ್ಪತ್ತು ಗಿಡ ಒಂದೇ ಸಾಲಲ್ಲಿ ನಿಂತರೆ ಪರಾಗ ಗಾಳಿಗೆ ಹೋಗುತ್ತದೆ, ತೆನೆಗೆ ಬೀಳುವುದಿಲ್ಲ. ನನ್ನ ಅಜ್ಜನ ಬಾಯಿಯ ತೆನೆಗಳಿಗೆ ಕಾರಣ ಇದೇ.

ಗದ್ದೆಯಲ್ಲಿ ಸಾಲಿನಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 25 ಸೆಂಟಿಮೀಟರ್. ಒಂದು ಸೆಂಟ್ಸ್ (ಎಕರೆಯ ನೂರನೇ ಒಂದು ಪಾಲು) ಜಾಗಕ್ಕೆ 270 ಗಿಡ, 40 ಗ್ರಾಂ ಬೀಜ ಸಾಕು. ನಮ್ಮ ಮುರ (ಜಂಬಿಟ್ಟಿಗೆ) ಮಣ್ಣು ಹುಳಿ. ಜೋಳಕ್ಕೆ ಹುಳಿ ಆಗುವುದಿಲ್ಲ. ಬಿತ್ತುವ ಎರಡು-ಮೂರು ವಾರ ಮೊದಲು ಸುಣ್ಣ ಕೊಡಬೇಕು. ಮರುವಾಯಿ (ಕಪ್ಪೆಚಿಪ್ಪು) ಚಿಪ್ಪಿ ಸುಟ್ಟ ಸುಣ್ಣ ಸಿಕ್ಕಿದರೆ ಅದೇ ಸಾಕು. ಎಷ್ಟು ಹಾಕಬೇಕು ಅನ್ನುವುದನ್ನು ಬ್ರಹ್ಮಾವರ ಅಥವಾ ಮಂಗಳೂರು ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿಯೇ ಕೇಳಿ. ಹಟ್ಟಿಗೊಬ್ಬರ ಸೆಂಟ್ಸಿಗೆ 40-50 ಕೆಜಿ. ಸಾರಜನಕವನ್ನು ಒಂದೇ ಸಲ ಸುರಿಯಬೇಡಿ. ಬಿತ್ತುವಾಗ ಒಂದು ಪಾಲು, ಮೊಣಕಾಲೆತ್ತರ ಆದಾಗ ಇನ್ನೊಂದು, ಸೂಲಂಗಿ ಇಣುಕುವಾಗ ಮತ್ತೊಂದು.

ಹಿತ್ತಿಲಲ್ಲಿ ತೊಂದರೆ ನೆರಳಿನದ್ದು. ತೆಂಗು, ಹಲಸು, ಮಾವಿನ ನಡುವೆ ಆರು ಗಂಟೆ ಬಿಸಿಲು ಸಿಗುವ ಜಾಗ ಹುಡುಕಿ. ಸಿಗದಿದ್ದರೆ ತಾರಸಿಯೇ ಮೇಲು. ತಾರಸಿಗೆ 20-25 ಲೀಟರ್‌ನ ಗ್ರೋ ಬ್ಯಾಗ್, ಒಂದರಲ್ಲಿ ಎರಡು ಗಿಡ, ಕನಿಷ್ಠ ಎಂಟು-ಹತ್ತು ಬ್ಯಾಗ್ ಒತ್ತೊತ್ತಾಗಿ. ಬೆಳಿಗ್ಗೆ ಹತ್ತು ಗಂಟೆಯೊಳಗೆ ಸೂಲಂಗಿಯನ್ನು ಪೇಪರಿನ ಮೇಲೆ ಕೊಡವಿ, ಬಿದ್ದ ಹಳದಿ ಹುಡಿಯನ್ನು ಎಳೆಗಳ ಮೇಲೆ ಉದುರಿಸಿ. ನಾಲ್ಕೈದು ದಿನ ಹೀಗೆ ಮಾಡಿದರೆ ತೆನೆ ತುಂಬುತ್ತದೆ. ಮಾರ್ಚ್ ಆದ ಮೇಲೆ ತಾರಸಿ ಬೇಡ. ಕಾಂಕ್ರೀಟಿನ ಕಾವು ಬ್ಯಾಗಿನ ಬೇರಿಗೆ ತಾಗುತ್ತದೆ.

ಬಿತ್ತುವುದೋ, ಸಸಿ ನೆಡುವುದೋ

ನಮ್ಮಲ್ಲಿ ನೇರ ಬಿತ್ತನೆ ಸಾಕು. ಎರಡೂವರೆ ಸೆಂಟಿಮೀಟರ್ ಆಳ, ಅದಕ್ಕಿಂತ ಕೆಳಗೆ ಬೇಡ. ಕೆಳಗೆ ಹೋದರೆ ಸೂಪರ್ ಸ್ವೀಟಿನ ಬುತ್ತಿ ದಾರಿಯಲ್ಲೇ ಖಾಲಿ. ಜೋಳದ ಬೇರಿಗೆ ಜಾಗ ಬದಲಿಸುವುದು ಇಷ್ಟವಿಲ್ಲ. ಆದರೂ ಹತ್ತರಲ್ಲಿ ಒಂದು ಪಾಲು ಸಸಿ ಬೇರೆ ಎಬ್ಬಿಸಿ ಇಡುತ್ತೇನೆ. ಕಾರಣ ನವಿಲು. ಮೊಳಕೆ ಬಂದ ಮೂರನೇ ದಿನ ಸಾಲು ಹಿಡಿದು ಕಿತ್ತುಕೊಂಡು ಹೋಗುತ್ತದೆ, ಅಳತೆ ಪಟ್ಟಿ ಹಿಡಿದ ಹಾಗೆ. ಆ ಗ್ಯಾಪು ತುಂಬಲು ಸಸಿ ಬೇಕು.

ಅಣ್ಣನ ಮಗಳು ಟಾಯ್ಲೆಟ್ ಪೇಪರಿನ ರಟ್ಟಿನ ಕೊಳವೆಯಲ್ಲಿ ಸಸಿ ಮಾಡುತ್ತಾಳೆ, ಕೊಳವೆ ಸಮೇತ ನೆಡುತ್ತಾಳೆ. ನಾನು ಹಲಸಿನ ಎಲೆಯ ಕೊಟ್ಟೆ ಕಟ್ಟುತ್ತೇನೆ. ಕಡುಬಿಗೆ ಕಟ್ಟುವ ಕೊಟ್ಟೆಯೇ, ಹಿಟ್ಟಿನ ಬದಲು ಮಣ್ಣು ಮತ್ತು ಹುಡಿಗೊಬ್ಬರ. ಹತ್ತು-ಹನ್ನೆರಡು ದಿನದ ಸಸಿಯನ್ನು ಕೊಟ್ಟೆ ಸಮೇತ ಮಣ್ಣಿಗೆ ಇಟ್ಟರೆ ಬೇರಿಗೆ ಗೊತ್ತೇ ಆಗುವುದಿಲ್ಲ. ಮನೆಯವರು ಮೊದಲು ಬೈದರು, ಈಗ ಅವರೇ ಕಟ್ಟಿ ಕೊಡುತ್ತಾರೆ.

ಹುಳು ಮತ್ತು ಕೊಯ್ಲು

ಫಾಲ್ ಆರ್ಮಿವರ್ಮ್ ಅನ್ನುವ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಘಟ್ಟದಾಚೆಯ ಶಿವಮೊಗ್ಗದಲ್ಲೇ. ಈಗ ಎಲ್ಲ ಕಡೆ ಉಂಟು. ಸುಳಿಯಲ್ಲಿ ಮರದ ಹುಡಿಯಂಥ ಹಿಕ್ಕೆ ಕಂಡರೆ ಒಳಗೆ ಅದಿದೆ. ಎಂಟು-ಹತ್ತು ಸೆಂಟ್ಸ್‌ವರೆಗೆ ಕೈಯಲ್ಲೇ ಹೆಕ್ಕಬಹುದು. ಸುಳಿಗೆ ಒಂದು ಚಿಟಿಕೆ ಹೊಯಿಗೆ (ಮರಳು) ಅಥವಾ ಒಲೆ ಬೂದಿ ಹಾಕಿದರೆ ಸಣ್ಣ ಹುಳುಗಳು ನಿಲ್ಲುವುದಿಲ್ಲ. ಬೇವಿನ ಎಣ್ಣೆಯನ್ನು ಮೊದಲ ತಿಂಗಳಲ್ಲೇ ಹೊಡೆಯಿರಿ. ತೆನೆ ಬಂದ ಮೇಲೆ ಮದ್ದು ಹೊಡೆದು ಅದೇ ತೆನೆ ಮಕ್ಕಳಿಗೆ ಕೊಡುವುದು ಸರಿಯಲ್ಲ, ಅಲ್ವಾ? ಹಂದಿ ಮತ್ತು ಮಂಗನ ಬಗ್ಗೆ ನನ್ನ ಹತ್ತಿರ ಪರಿಹಾರ ಇಲ್ಲ. ಬೇಲಿ ಮತ್ತು ನಾಯಿ, ಅಷ್ಟೇ.

ಕೊಯ್ಲಿಗೆ ಎಳೆ ಹೊರಬಂದ ದಿನ ಬರೆದಿಡಿ. ಅಲ್ಲಿಂದ 18ರಿಂದ 22 ದಿನ. ಎಳೆ ಕಂದಾಗಿ ಒಣಗಿರಬೇಕು, ಸಿಪ್ಪೆ ಹಸಿರಾಗಿಯೇ ಇರಬೇಕು. ಒಂದು ಕಾಳನ್ನು ಉಗುರಿನಲ್ಲಿ ಚುಚ್ಚಿದರೆ ಹಾಲು ಬರಬೇಕು. ನೀರು ಬಂದರೆ ಬೇಗ ಆಯಿತು, ಹಿಟ್ಟು ಬಂದರೆ ತಡ ಆಯಿತು. ತಂಪು ಊರಿನಲ್ಲಿ ಈ ಹದ ನಾಲ್ಕೈದು ದಿನ ನಿಲ್ಲುತ್ತದೆ. ನಮ್ಮಲ್ಲಿ ಎರಡು ದಿನ, ಫೆಬ್ರುವರಿ ಕೊನೆಗೆ ಬಂದ ತೆನೆಗಾದರೆ ಒಂದೇ ದಿನ. ಅದಕ್ಕೇ ಎಲ್ಲ ಬೀಜ ಒಂದೇ ದಿನ ಹಾಕುವುದಿಲ್ಲ. ನವೆಂಬರ್ 20ಕ್ಕೆ ಒಂದು ಮಡಿ, 30ಕ್ಕೆ ಇನ್ನೊಂದು, ಡಿಸೆಂಬರ್ 10ಕ್ಕೆ ಮೂರನೆಯದು, ಮೂರೂ ಒಂದೇ ತಳಿ. ಕೊಯ್ಯುವುದು ಬೆಳಿಗ್ಗೆ ಏಳರೊಳಗೆ, ರಾತ್ರಿಯ ತಂಪು ತೆನೆಯಲ್ಲಿ ಇರುವಾಗಲೇ. ಒಲೆಯ ಮೇಲೆ ನೀರು ಮೊದಲೇ ಇಟ್ಟು ಹೋಗುತ್ತೇನೆ.